ಪಾಟಕ್ಕೆ ಹೊರಟ ಪಿನ್ನಮ್ಮ

ಮೊನ್ನೆ ಹೂವಿನವಳು ಕನಕಾಂಬರದ ನಡುವೆ ಎರಡು ಕಡ್ಡಿ ದವನ ಸೇರಿಸಿ ಕಟ್ಟಿ ಕೊಟ್ಟಿದ್ದಳು. ಮೂಗಿನ ಹತ್ತಿರ ಹಿಡಿದೆ. ಅಷ್ಟೇ. ನಾನು ಕೋಲಾರದ ಕೋಟೆ ಬೀದಿಯಲ್ಲಿ ಲಂಗ ಎತ್ತಿಕೊಂಡು ಓಡುತ್ತಿದ್ದೆ. ಮುಂದೆ ಪಿನ್ನಮ್ಮ, ಹಿಂದೆ ನಾನು, ಬೀದಿಯ ತುದಿಯಲ್ಲಿ ಜಟಕಾ...

ದವನ ಚೈತ್ರದ ಸೊಪ್ಪು. ವೇಮಗಲ್ ಕಡೆಯ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ಎಲ್ಲರೂ ಅದನ್ನು ಹೂವಿನ ಜೊತೆ ಮುಡಿದರೆ ಪಿನ್ನಮ್ಮ ಒಂದು ಕಡ್ಡಿಯನ್ನು ರವಿಕೆಯ ತೋಳಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಮುಡ್ಕೊಂಡ್ರೆ ಹಿಂದೆ ಬರೋರಿಗೆ ವಾಸ್ನೆ. ಇಲ್ಲಿಟ್ಕೊಂಡ್ರೆ ನಂಗೆ," ಅನ್ನುತ್ತಿದ್ದಳು.

ಇದನ್ನು ಫೋನಿನಲ್ಲಿ ಒತ್ತುತ್ತಿದ್ದೇನೆ. ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ. 'ಪಾಠ' ಎಂದು ಒತ್ತಿದರೆ 'ಪಾಟ' ಎಂದು ಬರುತ್ತದೆ. ಈ ಫೋನೂ ಮುಳಬಾಗಿಲು ಕಡೆಯದೇ ಇರಬೇಕು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಪಾಠ ಎಂದರೆ ಕನ್ನಡದಲ್ಲಿ ಮೇಷ್ಟರು ಹೇಳಿಕೊಡುವುದು. ಪಾಟ ಎಂದರೆ ತೆಲುಗಿನಲ್ಲಿ ಹಾಡು. ಕೋಲಾರದ ನಾಲಗೆಯಲ್ಲಿ ಎರಡಕ್ಕೂ ಒಂದೇ ಸದ್ದು. ಆ ಬೇಸಿಗೆ ನಡೆದದ್ದೆಲ್ಲ ಈ ಒಂದು ಸದ್ದಿನಿಂದ ನಡೆಯಿತು.

ಪಿನ್ನಮ್ಮ ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ನಮಗೆ ಸಂಬಂಧ ಏನೂ ಇಲ್ಲ. ಶ್ರೀನಿವಾಸಪುರದ ಹುಡುಗಿ. ಅಲ್ಲಿ ಚಿಕ್ಕಮ್ಮನಿಗೆ ಪಿನ್ನಮ್ಮ ಅನ್ನುತ್ತಾರೆ ಎಂದು ಅವಳೇ ಹೇಳಿಕೊಟ್ಟಳು. ನಾನು ಹಾಗೆ ಕರೆದೆ, ಆಮೇಲೆ ಬೀದಿಯೆಲ್ಲ ಹಾಗೇ ಕರೆಯಿತು. ಮನೆಮಾತು ಕನ್ನಡವೇ, ಆದರೆ ಆಡಿ ಬೆಳೆದ ಬೀದಿ ತೆಲುಗಿನದು. ಅವಳ ಒಂದು ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತಿತ್ತು. ಅವಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ನಾನು ಎಂಟು ವರ್ಷದ ಬಾಲ, ಅವಳು ಹೋದಲ್ಲೆಲ್ಲ ನಾನು. ಯುದ್ಧದ ಕಾಲ ಅದು. ಸೀಮೆಎಣ್ಣೆ ಸಿಕ್ಕುತ್ತಿರಲಿಲ್ಲ, ಒಳ್ಳೆಯ ಅಕ್ಕಿ ಸಿಕ್ಕುತ್ತಿರಲಿಲ್ಲ. ಹಾಡು ಮಾತ್ರ ಆ ಬೇಸಿಗೆ ಬೇಕಾದಷ್ಟು ಸಿಕ್ಕಿತು.

ಅವಳ ಅತ್ತೆ ಮೈಸೂರಿನವರು. ಮಗನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸವಾಗಿ ಕೋಲಾರಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ತೆಲುಗು ಒಂದಕ್ಷರ ಕಲಿತಿರಲಿಲ್ಲ. ಕಲಿಯದೇ ಇದ್ದದ್ದನ್ನು ಒಡವೆಯ ಹಾಗೆ ಹಾಕಿಕೊಂಡು ಓಡಾಡುತ್ತಿದ್ದರು. ತರಕಾರಿಯವಳು ವಂಕಾಯ ಎಂದು ಕೂಗಿದರೆ, "ಬದನೇಕಾಯಿ ಅನ್ನೋವರ್ಗೂ ಬುಟ್ಟಿ ಇಳಿಸ್ಬೇಡ," ಅನ್ನುವರು. ಮಕ್ಕಳಿಗೆಲ್ಲ ಅವರು ಮೈಸೂರಜ್ಜಿ.

ಈಗ ಬೀದಿಗೆ ಗೊತ್ತಿಲ್ಲದ ಒಂದು ವಿಷಯ. ಪಿನ್ನಮ್ಮನ ತಂದೆ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುವವರು. ಮೈಸೂರಜ್ಜಿ ಹುಡುಗಿಯನ್ನು ಒಪ್ಪಿದರು, ನಾಟಕದವರ ಬೀಗತನವನ್ನು ಒಪ್ಪಲಿಲ್ಲ. ಹಾಗಾಗಿ ಧಾರೆ ಎರೆದದ್ದು ಸೋದರಮಾವ, ಶ್ಯಾನುಭೋಗರು. ತಂದೆ ಚಪ್ಪರದ ಆಚೆ ನಿಂತು ಮಾತು ಕೊಟ್ಟಿದ್ದರಂತೆ. ನಿಮ್ಮ ಮನೆಯ ಹೊಸಲು ದಾಟುವುದಿಲ್ಲ, ದಾರಿಯಲ್ಲಿ ಕಂಡರೂ ಮಗಳೇ ಎಂದು ಕೂಗುವುದಿಲ್ಲ, ತಿರುಗಿ ನೋಡುವುದಿಲ್ಲ. ಬೀದಿಯಲ್ಲಿ ಯಾರಾದರೂ "ಯಾರ ಮಗಳಮ್ಮ ನೀನು?" ಎಂದು ಕೇಳಿದರೆ ಪಿನ್ನಮ್ಮ ಬಾಯಿ ತೆರೆಯುವ ಮೊದಲೇ ಮೈಸೂರಜ್ಜಿ "ಶ್ಯಾನುಭೋಗರ ಮನೆಯವಳು" ಎಂದುಬಿಡುತ್ತಿದ್ದರು. ಇದನ್ನೆಲ್ಲ ಪಿನ್ನಮ್ಮ ನನಗೆ ಹೇಳಿದ್ದು ಆ ಬೇಸಿಗೆಯೇ, ಜಟಕಾದಲ್ಲಿ ಕೂತು.

ಮೊದಲು ಶುರುವಾದದ್ದು ರಾಮೋತ್ಸವದಲ್ಲಿ. ಪೇಟೆಯ ರಾಮಮಂದಿರದ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿ, ಸಂಜೆಗೆ ಮುಂಚೆಯೇ ನೀರು ಚಿಮುಕಿಸಿ, ಸಂಗೀತ ಇಟ್ಟಿದ್ದರು. ನಾನು ಹೊಸ ಲಂಗ ಹಾಕಿಕೊಂಡು ಹೊರಟೆ. ಮೈಸೂರಜ್ಜಿ ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಎಲ್ಲಿಗೇ ಸವಾರಿ, ಬೀದಿಯೆಲ್ಲ ಲಂಗದಲ್ಲೇ ಗುಡಿಸ್ಕೊಂಡು?"

"ಪಾಟಕ್ಕೆ ಅಜ್ಜಿ. ಪಿನ್ನಮ್ಮನ್ನೂ ಕರ್ಕೊಂಡೋಗ್ಲಾ?"

ಸತ್ಯವಾಗಿ ನಾನು ಹಾಡಿಗೆ ಎಂದೇ ಹೇಳಿದ್ದು. ಆದರೆ ಛತ್ರದಲ್ಲಿ ಶಾಸ್ತ್ರಿಗಳೊಬ್ಬರು ಹೆಂಗಸರಿಗೆ ಗೀತಾಪಾಠ ಹೇಳುತ್ತಿದ್ದರು, ಮೈಸೂರಜ್ಜಿಯ ಕಿವಿಗೆ ಅದೇ ಬಿತ್ತು.

"ಪಾಠಕ್ಕೇನೇ? ಭೇಷ್. ಅವಳ ಕಿವಿಗೂ ನಾಲ್ಕು ಒಳ್ಳೇ ಮಾತು ಬೀಳ್ಲಿ, ಕರ್ಕೊಂಡು ಹೋಗು. ದಿನಾ ಹೋಗಿ."

ಒಳಗೆ ಒರಳಿನ ಮುಂದೆ ಕೂತಿದ್ದ ಪಿನ್ನಮ್ಮ ರುಬ್ಬುವುದನ್ನು ನಿಲ್ಲಿಸಿದಳು. ಅಜ್ಜಿಗೆ ಸರಿಯಾಗಿ ಹೇಳೋಣ ಎಂದು ನಾನು ಬಾಯಿ ತೆರೆದೆ. ಅವಳು ಬಾಗಿಲ ಸಂದಿನಿಂದಲೇ ಕಣ್ಣು ಬಿಟ್ಟಳು. ಮುಚ್ಚಿದೆ.

ಬೀದಿ ತಿರುಗಿದ ಮೇಲೆ ಅವಳು ಗೋಡೆಗೆ ಒರಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗು...

"ಪಿನ್ನಮ್ಮ, ನಾವು ಸುಳ್ಳು ಹೇಳಿದ್ವಾ?"

"ಎಲ್ಲೇ ಸುಳ್ಳು? ಪಾಟ ಅಂದೆ, ಪಾಟಕ್ಕೇ ಹೋಗ್ತಿದೀವಿ. ಅತ್ತೆಗೆ ತೆಲುಗು ಬರ್ದೇ ಇದ್ರೆ ಅದು ನಮ್ ತಪ್ಪಾ? ಪದವೇ, ಪದ." ತೆಲುಗಿನಲ್ಲಿ ಪದ ಎಂದರೆ ನಡೆ.

ಅಲ್ಲಿಂದ ಹೊರಟವರು ನಾವು ನಿಲ್ಲಲೇ ಇಲ್ಲ. ಕೇಳುವಾಗ ಪಿನ್ನಮ್ಮನ ಕೈ ತನ್ನ ತೊಡೆಯ ಮೇಲೆ ತಾಳ ಹಾಕುತ್ತಿರಲಿಲ್ಲ, ನನ್ನ ತೊಡೆಯ ಮೇಲೆ ಹಾಕುತ್ತಿತ್ತು. ಒಳ್ಳೆಯ ಕಚೇರಿಯಾದರೆ ಮನೆಗೆ ಬರುವಾಗ ನನ್ನ ತೊಡೆ ಕೆಂಪು. ಹಾಡುವವರು ಎಲ್ಲಾದರೂ ತಪ್ಪಿದರೆ ಒಂದು ಚಿವುಟು ಬೇರೆ. "ಅವ್ರು ತಪ್ಪಿದ್ರೆ ನನ್ಯಾಕೆ ಚಿವುಟ್ತೀಯ?" ಎಂದು ಕೇಳಿದೆ. "ಅವ್ರು ದೂರ ಇದಾರಲ್ಲೇ," ಅಂದಳು. ಪಾನಕದ ಸರದಿಯಲ್ಲಿ ಮಾತ್ರ ನಾವಿಬ್ಬರೂ ಸಂಗೀತ ಮರೆತು ಜಗಳವಾಡಿಕೊಂಡು ನಿಲ್ಲುತ್ತಿದ್ದೆವು. ನಾನು ಮೂರನೇ ಲೋಟಕ್ಕೆ ಕೈ ಚಾಚಿದರೆ ಅವಳು ನನ್ನ ಜಡೆ ಹಿಡಿದು ಎಳೆದು, ಆ ಲೋಟ ತಾನು ಕುಡಿಯುವಳು.

ದೂರ ಹೋಗಬೇಕಾದರೆ ಜಟಕಾ ಸಾಬರು ಇದ್ದರು. ನಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದೊಯ್ಯುತ್ತಿದ್ದವರು ಅವರೇ. ಗಡ್ಡ ಬಿಳಿ, ಕುದುರೆ ಅದಕ್ಕಿಂತ ಬಿಳಿ. ನಾವು "ಪಾಟಕ್ಕೆ" ಅಂದರೆ ಅವರಿಗೆ ಸಾಕು, ಊರಲ್ಲಿ ಆ ಹೊತ್ತು ಎಲ್ಲಿ ಹಾಡುತ್ತಿದ್ದಾರೋ ಕುದುರೆ ಅಲ್ಲಿ ನಿಲ್ಲುತ್ತಿತ್ತು. ಒಂದು ಸಂಜೆ ರಾಮಮಂದಿರದಲ್ಲಿ ಹಾಡು ಇರಲಿಲ್ಲ. ಕುದುರೆ ದರ್ಗಾದ ಹತ್ತಿರ ನಿಂತಿತು. ಉರುಸು ನಡೆಯುತ್ತಿತ್ತು, ಕವ್ವಾಲಿಯವರು ಚಪ್ಪಾಳೆ ಹೊಡೆದು ಗಂಟಲು ಏರಿಸುತ್ತಿದ್ದರು.

"ಇಳಿಯೋದು ನಕ್ಕೊ ಅಮ್ಮಾ, ಜನ ಜಾಸ್ತಿ," ಅಂದರು ಸಾಬರು. "ಗಾಡೀಲೇ ಕೂತ್ಕಂಡ್ ಕೇಳಿ. ಕುದ್ರೆಗೆ ಹುಲ್ ಹಾಕ್ತೀನಿ, ಅದೂ ಕೇಳ್ಲಿ."

"ಸಾಬರೇ, ಇದ್ಯಾವ ರಾಗ?"

"ರಾಗ ಗೀಗ ನಮಗ್ ಗೊತ್ತಾಗಲ್ಲಮ್ಮಾ. ನಮ್ಮ ತಾಯಿ ನೆನಪಾಗ್ತಾಳೆ, ಅಷ್ಟೆ."

ಪಿನ್ನಮ್ಮ ಅವತ್ತು ನನ್ನ ತೊಡೆಯ ಮೇಲೆ ತಾಳ ಹಾಕಲಿಲ್ಲ. ಅಂತರಗಂಗೆ ಬೆಟ್ಟದ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು...

ರಾಮೋತ್ಸವ ಮುಗಿಯಿತು. ಇನ್ನು ಮನೆಯಲ್ಲೇ ಕೂರಬೇಕು ಅಂದುಕೊಳ್ಳುವಷ್ಟರಲ್ಲಿ ಬೀದಿಯಲ್ಲಿ ತಮಟೆ ಕೇಳಿಸಿತು. ಮಾಲೂರಿನಲ್ಲಿ ಆಟ ಮುಗಿಸಿಕೊಂಡು ನಾಟಕದ ಕಂಪನಿ ಕೋಲಾರಕ್ಕೆ ಬಂದಿತ್ತು. ಪ್ರಚಾರಕ್ಕೆ ಹಿಡಿದದ್ದು ನಮ್ಮ ಸಾಬರ ಜಟಕಾವನ್ನೇ. ಎರಡು ಪಕ್ಕಕ್ಕೂ ಬಣ್ಣದ ಬೋರ್ಡು ಕಟ್ಟಿ, ಒಳಗೆ ತಮಟೆಯವನನ್ನು ಕೂರಿಸಿಕೊಂಡು ಸಾಬರು ಮದುಮಗನ ಹಾಗೆ ಬರುತ್ತಿದ್ದರು. ನಾವು ಜಗಲಿಯಿಂದ ಇಳಿದು ಓಡಿದೆವು.

"ಹಾರ್ಮೋನಿಯಂ ಯಾರಂತೆ ಸಾಬರೇ?" ಎಂದಳು ಪಿನ್ನಮ್ಮ. ಬೇರೆಯವರೆಲ್ಲ ರಾಜಾಪಾರ್ಟು ಯಾರು, ಹೆಣ್ಣುಪಾರ್ಟು ಯಾರು ಎಂದು ಕೇಳುತ್ತಿದ್ದರು.

"ಶ್ರೀನಿವಾಸಪುರದೋರಂತೆ ಅಮ್ಮಾ. ಭಾರೀ ಉಸ್ತಾದ್ ಅಂತಾರೆ."

ಪಿನ್ನಮ್ಮ ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಬಾವಿಕಟ್ಟೆಯ ಹಿಂದೆ ನಿಲ್ಲಿಸಿದಳು.

"ನಾಯ್ನ," ಅಂದಳು. "ನಮ್ ನಾಯ್ನ ಬಂದವ್ರೆ ಕಣೇ." ಶ್ರೀನಿವಾಸಪುರದಲ್ಲಿ ಅಪ್ಪನಿಗೆ ನಾಯ್ನ. ಮದುವೆಯಾದ ಮೇಲೆ ಅವಳು ಅವರನ್ನು ಒಂದು ಸಲವೂ ಕಂಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಹೆಂಗಸರು ಮಕ್ಕಳು ನೋಡಲಿ ಎಂದು ಹಗಲಾಟ ಇಡುತ್ತಿದ್ದರು. ಕೆರೆಯ ಏರಿಯ ಕೆಳಗಿನ ಬಯಲಲ್ಲಿ ಬೊಂಬು, ತಗಡಿನ ಕೊಟ್ಟಿಗೆ. ಒಳಗೆ ಕೂತರೆ ಇಡ್ಲಿಯ ಹಾಗೆ ಬೇಯುತ್ತಿದ್ದೆವು. ಹೆಂಗಸರ ಕಡೆಗೆ ಚಾಪೆ, ನಡುವೆ ಒಂದು ತಟ್ಟಿ, ಆಚೆ ಗಂಡಸರು. ರಂಗದ ಮುಂದೆ ತಗ್ಗಿನಲ್ಲಿ, ಕಾಲಿನಿಂದ ತಿದಿ ಒತ್ತುವ ದೊಡ್ಡ ಹಾರ್ಮೋನಿಯಂ. ಬಾರಿಸುವವರ ಮುಖ ರಂಗದ ಕಡೆಗೆ. ನಮಗೆ ಕಾಣುತ್ತಿದ್ದದ್ದು ಬೆನ್ನು, ಎರಡು ಮೊಣಕೈ, ಹೆಗಲ ಮೇಲೆ ಜಾರುವ ಉತ್ತರೀಯ.

ನಾನು ದಶರಥನನ್ನು ನೋಡಿದೆ. ಪಿನ್ನಮ್ಮ ಬೆನ್ನನ್ನು ನೋಡಿದಳು.

ದಶರಥ ಮಗನನ್ನು ಕಾಡಿಗೆ ಕಳಿಸಿ, ಉದ್ದಕ್ಕೆ ಒಂದು ಹಾಡು ಹಾಡಿ ಸತ್ತ. ಗಂಡಸರ ಕಡೆಯಿಂದ "ವನ್ಸ್ ಮೋರ್" ಎಂದು ಕೂಗು ಎದ್ದಿತು. ಸತ್ತ ದಶರಥ ಎದ್ದು ಕೂತು, ಮೀಸೆ ಸರಿಮಾಡಿಕೊಂಡು, ಮೊದಲಿಂದ ಹಾಡಿ ಮತ್ತೆ ಸತ್ತ. ನನಗೆ ಅದರಷ್ಟು ಸಂತೋಷ ಬೇರೆ ಯಾವುದರಲ್ಲೂ ಆಗಿರಲಿಲ್ಲ. "ನಾವೂ ಕೂಗೋಣ್ವಾ ಪಿನ್ನಮ್ಮ?" ಎಂದು ಕೇಳಿದೆ.

"ತಟ್ಟಿ ಈಚೆಯವ್ರು ಕೂಗಲ್ಲ ಕಣೇ," ಅಂದಳು, ಕಣ್ಣು ತೆಗೆಯದೆ. ಆಮೇಲೆ, "ಇಳಿದೋಗವ್ರೆ. ಉತ್ತರೀಯ ನಿಲ್ತಾನೇ ಇಲ್ಲ ನೋಡು ಹೆಗಲ ಮೇಲೆ."

ಒಂದು ಪರದೆ ಇಳಿದು ಇನ್ನೊಂದು ಏರುವ ತನಕ ಹಾರ್ಮೋನಿಯಂ ಮೇಷ್ಟ್ರು ಒಬ್ಬರೇ ಏನಾದರೂ ಬಾರಿಸುತ್ತಿದ್ದರು. ಆ ದಿನ ಒಂದು ಚಿಕ್ಕ ಧಾಟಿ ಹಿಡಿದರು. ಜಿಂಕೆಮರಿಯ ಹಾಗೆ ಓಡಿ ಓಡಿ, ನಡುವೆ ಥಟ್ಟನೆ ನಿಂತು, ಮತ್ತೆ ಓಡುವ ಧಾಟಿ. ನನ್ನ ತೊಡೆಯ ಮೇಲಿನ ಕೈ ಹಾಗೇ ಉಳಿಯಿತು.

"ಅದು ನಂದು," ಅಂದಳು ಪಿನ್ನಮ್ಮ.

"ಏನ್ ನಿಂದು?"

"ಆ ಪಾಟ. ಚಿಕ್ಕೋಳಿದ್ದಾಗ ನಾನು ಮುದ್ದೆ ನುಂಗ್ತಿರ್ಲಿಲ್ಲ, ಅಗೀತಾ ಕೂರ್ತಿದ್ದೆ. ಅದಕ್ಕೇ ನಾಯ್ನ ಇದನ್ನ ಕಟ್ಟಿದ್ರು. ನಡುವೆ ನಿಲ್ಲುತ್ತಲ್ಲ, ಅಲ್ಲಿ ನುಂಗ್ಬೇಕು. ನುಂಗೋವರ್ಗೂ ಮುಂದಕ್ ಬಾರಿಸ್ತಿರ್ಲಿಲ್ಲ."

ಮನೆಗೆ ಬಂದರೆ ಮೈಸೂರಜ್ಜಿ ಜಗಲಿಯಲ್ಲೇ ಕಾದಿದ್ದರು. "ಇವತ್ತೇನು ಪಾಠ ಆಯ್ತ್ರೇ?"

ನನಗೆ ಬಾಯಲ್ಲಿ ನಾಟಕವೇ ತುಂಬಿತ್ತು. "ದಶರಥ ಸತ್ತೋದ ಅಜ್ಜಿ," ಎಂದುಬಿಟ್ಟೆ.

"ಗೀತೇಲಿ ದಶರಥ ಎಲ್ಲಿಂದ ಬಂದ್ನೇ?"

"ಕೈಕೇಯಿ ಕಳ್ಸಿದ್ಲು."

"ಉಪಕಥೆ ಅತ್ತೆ," ಎಂದಳು ಪಿನ್ನಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ. ಮೈಸೂರಜ್ಜಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಅದ್ಯಾವ ಶಾಸ್ತ್ರಿಯಪ್ಪಾ. ಈ ಮಂಡಿನೋವು ಒಂದು ಕಮ್ಮಿಯಾಗ್ಲಿ, ನಾನೂ ಬಂದು ಕೇಳ್ಬೇಕು," ಅಂದರು.

ಮುಂದಿನ ಭಾನುವಾರವೂ ಹೋದೆವು. ಅವತ್ತೂ ಅದೇ ಧಾಟಿ, ಅದೇ ನಿಲುಗಡೆ. ಹಿಂದಿರುಗುವಾಗ ಸಾಬರು, ಆ ಮೇಷ್ಟ್ರು ಊರೂರಲ್ಲೂ ಪ್ರತಿ ಆಟಕ್ಕೂ ಅದನ್ನು ಬಾರಿಸುತ್ತಾರಂತೆ, ಕಂಪನಿಯವರು ಬೇಡ ಅಂದರೂ ಬಿಡುವುದಿಲ್ಲವಂತೆ ಎಂದರು. ಪಿನ್ನಮ್ಮ ನನ್ನ ಹತ್ತಿರಕ್ಕೆ ಸರಿದಳು.

"ನಾನಲ್ಲಿ ಕೂತಿದೀನಿ ಅಂತ ನಾಯ್ನಂಗೆ ಗೊತ್ತಿಲ್ಲ ಕಣೇ," ಎಂದಳು ನನಗೆ ಮಾತ್ರ ಕೇಳುವ ಹಾಗೆ. "ಮಾತಾಡೋದು ಬೇಡ, ಮುಖ ನೋಡೋದೂ ಬೇಡ. ಕೇಳಿಸ್ಕೊಂಡೆ ಅಂತ ಗೊತ್ತಾದ್ರೆ ಸಾಕು. ಬರೋ ಭಾನುವಾರ ಕಡೇ ಆಟವಂತೆ. ಆಮೇಲೆ ಮುಳಬಾಗಿಲಿಗೆ ಹೋಗ್ತಾರೆ, ಅಲ್ಲಿಂದ ಇನ್ನೆಲ್ಲಿಗೋ."

"ಸಾಬರ ಹತ್ರ ಹೇಳಿ ಕಳ್ಸು."

"ಬೇಡ. ನಡುವೆ ಮನುಷ್ಯರ್ನ ಬಿಟ್ಟು ಮಾತಾಡಿದ್ರು ಅಂತ ನಾಯ್ನನ್ನೇ ಅಂತಾರೆ. ಕೂಗಲ್ಲ ಅಂತ ಮಾತು ಕೊಟ್ಟಿರೋರು ನಾಯ್ನ."

"ನೀನು ಕೊಟ್ಟಿದೀಯಾ?"

ಪಿನ್ನಮ್ಮ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು.

"ಇಲ್ಲ," ಅಂದಳು. "ನನ್ನ ಯಾರೂ ಕೇಳ್ಲೇ ಇಲ್ಲ."

ಆ ವಾರವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ. ಹುಳಿಗೆ ಎರಡು ಸಲ ಉಪ್ಪು ಹಾಕಿದಳು, ಸಾರಿಗೆ ಹಾಕಲೇ ಇಲ್ಲ. ನನಗೂ ನಿದ್ದೆ ಬರುತ್ತಿರಲಿಲ್ಲ. ಭಾನುವಾರ ಊಟ ಮುಗಿಸಿ, ತೋಳಿಗೆ ಬಾಡಿದ ದವನದ ಕಡ್ಡಿಯೊಂದನ್ನು ಸಿಕ್ಕಿಸಿಕೊಂಡು ಪಿನ್ನಮ್ಮ ಹೊರಗೆ ಬಂದರೆ, ಮೈಸೂರಜ್ಜಿ ಜರಿ ಅಂಚಿನ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದರು.

"ಮಂಡಿ ಇವತ್ತು ಪರವಾಗಿಲ್ಲ. ದಶರಥ ಬರೋ ಗೀತೆ ನಾನೂ ಒಂದು ಕೇಳ್ತೀನಿ, ನಡೀರಿ."

ಸಾಬರು ಗಾಡಿ ತಂದು ನಿಲ್ಲಿಸಿದರು.

"ಎಲ್ಲಿಗೆ ಅಮ್ಮೋರೆ?"

"ಪಾಠಕ್ಕಪ್ಪ. ಇವ್ರು ಹೋಗ್ತಾರಲ್ಲ, ಅಲ್ಲಿಗೇ."

"ಹೌ ಅಮ್ಮಾ. ಪಾಟಕ್ಕೆ."

"ಸಾಬರೇ, ಇವತ್ತು ಛತ್ರದ ಕಡೆ..." ಎಂದು ಪಿನ್ನಮ್ಮ ಶುರುಮಾಡಿದಳು.

"ನೀನ್ಯಾಕೆ ದಾರಿ ಹೇಳ್ಕೊಡ್ತೀಯೇ, ಹುಟ್ಟಿದಾಗಿಂದ ಇಲ್ಲಿರೋ ಮನುಷ್ಯನಿಗೆ?" ಎಂದರು ಮೈಸೂರಜ್ಜಿ. ಗಾಡಿ ಹೊರಟಿತು. ಛತ್ರದ ತಿರುವು ಬಂತು, ಹೋಯಿತು. ಕುದುರೆ ತನಗೆ ಅಭ್ಯಾಸವಾದ ಕಡೆ ಹೋಗಿ ಬೋರ್ಡು, ಬ್ಯಾಂಡು, ಜನ ಇರುವ ಕಡೆ ನಿಂತಿತು. ತಗಡಿನ ಮೇಲೆ ರಾವಣ ಹತ್ತು ತಲೆಯನ್ನೂ ನಮ್ಮ ಕಡೆಗೇ ತಿರುಗಿಸಿಕೊಂಡಿದ್ದ.

"ಇದೇನೇ ಇದು? ಶಾಸ್ತ್ರಿಗಳೆಲ್ಲಿ?"

"ಪಾಟ ಅಂದ್ರಲ್ಲ ಅಮ್ಮೋರೆ," ಎಂದರು ಸಾಬರು, ಗಡ್ಡ ನೀವಿಕೊಳ್ಳುತ್ತಾ. "ಊರಲ್ಲಿ ಈಗ ಇರೋ ಪಾಟ ಇದೇ." ಅವರು ತಿಳಿಯದೆ ಅಂದರೋ, ತಿಳಿದೇ ಅಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮೈಸೂರಜ್ಜಿಗೆ ಅರ್ಥವಾಯಿತು. ಅವರ ಕಿವಿಯ ಓಲೆ ಅಲುಗಾಡತೊಡಗಿತು. "ತಿರುಗ್ಸು ಗಾಡಿ," ಎನ್ನುವಷ್ಟರಲ್ಲಿ ಬಾಗಿಲಲ್ಲಿ ಅಮಲ್ದಾರರ ಹೆಂಡತಿ ಕಂಡರು. ಮೈಸೂರಜ್ಜಿಯ ಮಗ ಕೆಲಸ ಮಾಡುವುದು ಆ ಅಮಲ್ದಾರರ ಕೈಕೆಳಗೆ.

"ಓಹೋ, ನೀವೂ ಬಂದ್ರಾ? ನೀವು ಇಂಥದಕ್ಕೆಲ್ಲ ಬರೋರಲ್ಲ ಅಂದ್ಕೊಂಡಿದ್ದೆ. ಬನ್ನಿ, ನನ್ ಪಕ್ಕ ಕೂತ್ಕೊಳ್ಳಿ."

"ಏನ್ಮಾಡೋದು, ಮಕ್ಕಳು ಎಳ್ಕೊಂಡು ಬಂದ್ವು," ಎಂದು ನಕ್ಕು ಮೈಸೂರಜ್ಜಿ ಇಳಿದರು. ಇಳಿಯುವಾಗ ಆಸರೆಗೆ ಹಿಡಿದದ್ದು ನನ್ನ ಕಿವಿಯನ್ನು.

ಮುಂದಿನ ಚಾಪೆಯಲ್ಲಿ ಅವರು, ಹಿಂದೆಯೇ ನಾವು. ದಶರಥ ಬಂದಾಗ ಮೈಸೂರಜ್ಜಿ ತಿರುಗದೆಯೇ, "ನಿಮ್ ಗೀತೆಯೋನು ಇವ್ನೇನಾ?" ಅಂದರು. ಆದರೆ ದಶರಥ ಸಾಯುವ ಹೊತ್ತಿಗೆ ಅವರ ಸೆರಗೂ ಕಣ್ಣಿಗೆ ಹೋಗಿತ್ತು. ಎರಡನೆಯ ಸಲ ಸತ್ತಾಗ ಮೂಗೂ ಸೀಟಿಕೊಂಡರು.

ಪರದೆ ಇಳಿಯಿತು. ಹಾರ್ಮೋನಿಯಂ ಆ ಧಾಟಿಯನ್ನು ಹಿಡಿಯಿತು. ಓಡಿತು, ನಿಂತಿತು, ಮತ್ತೆ ಓಡಿ ಮುಗಿಯಿತು. ಗಂಡಸರ ಕಡೆ ಬೀಡಿ ಹಚ್ಚಿಕೊಳ್ಳುತ್ತಿದ್ದರು, ಹೆಂಗಸರು ಮಕ್ಕಳಿಗೆ ನೀರು ಕುಡಿಸುತ್ತಿದ್ದರು. ಯಾರಿಗೂ ಅದು ಬೇಕಿರಲಿಲ್ಲ.

"ವನ್ಸ್ ಮೋರ್."

ಜೋರಾಗಿ ಕೂಗಿದ್ದಲ್ಲ. ಆದರೆ ಹಾರ್ಮೋನಿಯಂ ಎಲ್ಲಿ ಬಿಟ್ಟಿತ್ತೋ ಸರಿಯಾಗಿ ಅದೇ ಶ್ರುತಿಯಲ್ಲಿ, ಹಾಡಿನದೇ ಒಂದು ಸಾಲಿನ ಹಾಗೆ, ನನ್ನ ಪಕ್ಕದಿಂದ ಎದ್ದು ತಗಡಿಗೆ ಹೋಗಿ ತಗುಲಿತು. ಹೆಂಗಸರ ಕಡೆಯೆಲ್ಲ ಒಂದೇ ಸಲ ತಿರುಗಿ ನೋಡಿತು. ತಟ್ಟಿಯ ಮೇಲಿಂದ ಗಂಡಸರ ತಲೆಗಳು ಎದ್ದವು. ಪಿನ್ನಮ್ಮ ಯಾರನ್ನೂ ನೋಡಲಿಲ್ಲ, ಬೆನ್ನನ್ನು ನೋಡುತ್ತಿದ್ದಳು.

ಆ ಬೆನ್ನು ನೆಟ್ಟಗಾಯಿತು. ಹೆಗಲಿಂದ ಉತ್ತರೀಯ ಜಾರಿ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ. ಕತ್ತು ಒಂದು ಎಳ್ಳಿನಷ್ಟು ಇತ್ತ ವಾಲಿತು... ಅಲ್ಲೇ ನಿಂತಿತು. ತಿರುಗಲಿಲ್ಲ. ಇಡೀ ಕೊಟ್ಟಿಗೆಯಲ್ಲಿ ತಿರುಗಿ ನೋಡದೇ ಇದ್ದವರು ಅವರೊಬ್ಬರೇ.

ಮತ್ತೆ ಬಾರಿಸಿದರು. ಈ ಸಲ ಓಡಿಸಲಿಲ್ಲ, ಕೈಹಿಡಿದು ನಡೆಸಿದರು. ನಡುವಿನ ನಿಲುಗಡೆ ಬಂತು. ನಿಲ್ಲಿಸಿದರು. ಎಷ್ಟು ಹೊತ್ತು ನಿಲ್ಲಿಸಿದರೆಂದರೆ, ಏನಾಯಿತೋ ಎಂದು ಪರದೆಯವನು ಇಣುಕಿ ನೋಡಿದ. ಪಿನ್ನಮ್ಮನ ಗಂಟಲು ಏರಿ ಇಳಿದದ್ದನ್ನು ನಾನು ಕಂಡೆ. ಅವಳು ನುಂಗಿದಳು. ಅವರು ಮುಂದಕ್ಕೆ ಬಾರಿಸಿದರು.

"ಯಾರ್ರೀ ಕೂಗಿದ್ದು, ನಿಮ್ ಸೊಸೆನಾ?" ಎಂದರು ಅಮಲ್ದಾರರ ಹೆಂಡತಿ.

ಮೈಸೂರಜ್ಜಿ ಆ ಬೆನ್ನನ್ನೇ ನೋಡುತ್ತಿದ್ದರು. ಮದುವೆಯ ದಿನ ಹುಡುಗಿಯ ತಂದೆ ಚಪ್ಪರದ ಆಚೆಯಿಂದ ಹೊರಟುಹೋದಾಗಲೂ ಅವರು ನೋಡಿದ್ದು ಅದನ್ನೇ ಇರಬೇಕು.

"ಹೌದು," ಎಂದರು. "ಅವಳಿಗೆ ಸಂಗೀತ ಬರತ್ತೆ."

ಆಟ ಮುಗಿದು ಗಾಡಿ ಮನೆಯ ಕಡೆ ಹೊರಟಿತು. ಕೋಲಾರಮ್ಮನ ಗುಡಿಯ ಹತ್ತಿರ ಬಂದ ಮೇಲೆ ಮೈಸೂರಜ್ಜಿ ಕೇಳಿದರು. "ತಿರುಗಿ ನೋಡ್ಲಿಲ್ಲ ಅಲ್ವೇನೇ?"

"ಇಲ್ಲ ಅತ್ತೆ. ಮಾತು ಕೊಟ್ಟಿದಾರಲ್ಲ."

ಇನ್ನಷ್ಟು ದೂರ ಹೋದೆವು.

"ಒಂದು ತಿಂಗಳಿಂದ ಪಾಠ ಪಾಠ ಅಂತ ನನ್ ಕಿವಿ ಮೇಲೆ ಹೂ ಇಟ್ರಲ್ಲ, ಇಬ್ರೂ ಸೇರ್ಕೊಂಡು."

"ಪಾಟ ಅಂದ್ವಿ ಅಜ್ಜಿ," ಎಂದೆ ನಾನು. ನನ್ನ ಕಿವಿ ಮತ್ತೊಂದು ಸಲ ಅವರ ಕೈಗೆ ಹೋಯಿತು.

ಮನೆ ಬಂತು. ಇಳಿದ ಮೇಲೆ ಮೈಸೂರಜ್ಜಿ ಸಾಬರ ಕಡೆ ತಿರುಗಿದರು. "ಆ ಪೆಟ್ಟಿಗೆ ಮೇಷ್ಟ್ರು ನಾಳೆ ಊರಲ್ಲೇ ಇದ್ರೆ ಊಟಕ್ಕೆ ಬರ್ಬೇಕಂತೆ ಅಂತ ಹೇಳಪ್ಪ. ಬೀಗಿತ್ತಿ ಕರೆದ್ಲು ಅನ್ನು."

ಮಾರನೆಯ ದಿನ ಅವರು ಬಂದರು. ಮುಖ ನಾನು ನೋಡಿದ್ದು ಅವತ್ತೇ. ಪಿನ್ನಮ್ಮನ ಮೂಗು, ಪಿನ್ನಮ್ಮನ ಕಳ್ಳನಗು. ಮೆಟ್ಟಿಲ ಕೆಳಗೆ ನಿಂತುಬಿಟ್ಟರು.

"ಒಳಗೆ ಬನ್ನಿ," ಎಂದರು ಮೈಸೂರಜ್ಜಿ.

"ಹೊಸ್ಲು ದಾಟಲ್ಲ ಅಂದಿದ್ದೆ ತಾಯಿ."

"ನಾನೇ ಕರೀತಾ ಇದೀನಲ್ಲ."

"ಕರೆದದ್ದು ನಿಮ್ ದೊಡ್ಡತನ. ನಾನು ಅಂದದ್ದು ಅಂದದ್ದೇ ಅಲ್ವಾ."

ಹಠಕ್ಕೆ ಹಠ ಸಿಕ್ಕಿತ್ತು. ಮೈಸೂರಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಸರಿ. ಜಗಲಿ ಹೊಸಲಿಗಿಂತ ಆಚೆಗೇ ಇದೆ. ಅಲ್ಲೇ ಎಲೆ ಹಾಕು," ಎಂದರು ಸೊಸೆಗೆ. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತು ನೋಡುತ್ತಿರುವಾಗ, ನಾಟಕದ ಬೀಗರಿಗೆ ಜಗಲಿಯ ಮೇಲೆ ಎಲೆ ಬಿತ್ತು. ಒಬ್ಬಟ್ಟು, ಚಿತ್ರಾನ್ನ, ಎಲ್ಲದರ ಕೊನೆಗೆ ನಿಂಬೆಹಣ್ಣಿನ ಗಾತ್ರದ ಒಂದು ರಾಗಿ ಮುದ್ದೆ. ಅದನ್ನು ಕಂಡು ಅವರು ತಲೆ ತಗ್ಗಿಸಿ ನಗತೊಡಗಿದರು, ಭುಜವೆಲ್ಲ ಅಲುಗುವ ಹಾಗೆ. ಪಿನ್ನಮ್ಮ ಹೊಸಲಿನ ಒಳಗೇ ನಿಂತು, ಬಗ್ಗಿ ಬಡಿಸುತ್ತಾ, ಆ ಧಾಟಿಯನ್ನು ಗುನುಗಿದಳು. ನಡುವೆ ನಿಲ್ಲಿಸಿ, "ನುಂಗಿ ನಾಯ್ನ," ಅಂದಳು. ಅವರು ನುಂಗಿದರು.

ಕಂಪನಿ ಮುಳಬಾಗಿಲಿಗೆ ಹೋಯಿತು. ಮುಂದಿನ ವರ್ಷಗಳಲ್ಲಿ ಒಂದೆರಡು ಸಲ ಅವರು ಬಂದರು, ಜಗಲಿಯವರೆಗೆ. ಆಮೇಲೆ ಬರಲಿಲ್ಲ.

ನನ್ನ ಮದುವೆ ಆ ಕೋಟೆ ಬೀದಿಯಲ್ಲೇ ಆಯಿತು. ಹಸೆಯ ಮುಂದೆ ಪಿನ್ನಮ್ಮ ಹಾಡಿದಳು. ಗಂಡಿನ ಕಡೆಯ ಒಬ್ಬ ಮುದುಕಿ ಕೈಯಲ್ಲಿದ್ದ ತಾಂಬೂಲ ಹಾಗೇ ಹಿಡಿದುಕೊಂಡು ಕೇಳಿದರು, "ಯಾರ ಮಗಳ್ರೀ ಈ ಹುಡುಗಿ?" ಅಷ್ಟು ಹೊತ್ತಿಗೆ ಮೈಸೂರಜ್ಜಿಗೆ ಕಿವಿ ಮಂದವಾಗಿತ್ತು, ಅದರಿಂದ ದನಿ ದೊಡ್ಡದಾಗಿತ್ತು. ಚಪ್ಪರದ ಆ ತುದಿಯವರೆಗೂ ಕೇಳಿಸುವ ಹಾಗೆ ಹೇಳಿದರು, "ಹಾರ್ಮೋನಿಯಂ ಮೇಷ್ಟ್ರ ಮಗಳು."

ಪಿನ್ನಮ್ಮನ ಗಂಡನಿಗೆ ಆಮೇಲೆ ವರ್ಗವಾಯಿತು, ನಾನೂ ಗಂಡನ ಊರಿಗೆ ಹೋದೆ. ಇಂದು ನೋಡೋಣ, ನಾಳೆ ನೋಡೋಣ ಎನ್ನುವುದರಲ್ಲೇ ಮಕ್ಕಳು ದೊಡ್ಡವರಾದರು. ಅವಳು ಹೋದ ಸುದ್ದಿ ನನಗೆ ಯಾರದೋ ನಾಮಕರಣದಲ್ಲಿ, ಎಲೆಯ ಮುಂದೆ ಕೂತಾಗ, ಪಕ್ಕದವರು ಹೇಳಿ ಗೊತ್ತಾಯಿತು. ಹೋಗಿ ಆಗಲೇ ವರ್ಷ ಕಳೆದಿತ್ತು. ಎಲೆ ಬಿಟ್ಟು ಏಳಲು ಬಾರದು, ಉಂಡೆ...

ಈ ರಾಮನವಮಿಗೆ ಮೊಮ್ಮಗಳು ನನ್ನನ್ನು ಸಂಗೀತಕ್ಕೆ ಕರೆದುಕೊಂಡು ಹೋಗಿದ್ದಳು. ನಾನು ಕೇಳುತ್ತಿದ್ದರೆ ಅವಳು ಫೋನು ಎತ್ತಿ ಹಿಡಿದು ಹಾಡನ್ನೆಲ್ಲ ತುಂಬಿಸಿಕೊಳ್ಳುತ್ತಿದ್ದಳು. "ಇರ್ಲಿ ಅಜ್ಜಿ, ಬೇಕಾದಾಗೆಲ್ಲ ಕೇಳ್ಬಹುದು," ಅಂದಳು. ಪಿನ್ನಮ್ಮನ ದನಿಯನ್ನು ಯಾರೂ ತುಂಬಿಸಿ ಇಡಲಿಲ್ಲ. ಅದು ಉಳಿದಿದ್ದದ್ದು ನನ್ನ ಕಿವಿಯಲ್ಲಿ ಮಾತ್ರ. ಮೊದಮೊದಲು ಕಣ್ಣು ಮುಚ್ಚಿದರೆ ಸಾಕಿತ್ತು. ಈಗೀಗ ಧಾಟಿ ಬರುತ್ತದೆ, ನಿಲುಗಡೆಯೂ ಬರುತ್ತದೆ, ದನಿ ಮಾತ್ರ ಬರುತ್ತಿಲ್ಲ.